ಪಿಯರಿಂಗ್‌ಗೆ ಬಿಲ್ ಬಂದಾಗ: ಟ್ರಾಫಿಕ್ ಅನುಪಾತ ಅಳೆದು, ಲೆಕ್ಕ ಹಾಕಿ, ಮಾತುಕತೆಗೆ ಕೂರುವ ಬಗೆ

ಬೆಂಗಳೂರಿನಲ್ಲಿ ನಿಮ್ಮದೊಂದು ಸರ್ವರ್ ಹೋಸ್ಟಿಂಗ್ ಕಂಪನಿ ಇದೆ ಎಂದುಕೊಳ್ಳಿ. ದೇಶದ ತುಂಬ ಮನೆಗಳಿಗೆ ಬ್ರಾಡ್‌ಬ್ಯಾಂಡ್ ಕೊಡುವ ದೊಡ್ಡ ಕಂಪನಿಯೊಂದರ ಜೊತೆ ನಾಲ್ಕು ವರ್ಷದಿಂದ ಪಿಯರಿಂಗ್, ಅಂದರೆ ಇಂಟರ್ನೆಟ್ ಡೇಟಾವನ್ನು (ಟ್ರಾಫಿಕ್) ನೇರವಾಗಿ ಕೊಟ್ಟು ತೆಗೆದುಕೊಳ್ಳುವುದು ನಡೆದಿದೆ. ದುಡ್ಡಿನ ಮಾತು ಒಮ್ಮೆಯೂ ಬಂದಿಲ್ಲ. ಒಂದು ದಿನ ಮೇಲ್ ಬರುತ್ತದೆ: ‘ನೀವು ನಮಗೆ ಕಳಿಸುವ ಮತ್ತು ನಮ್ಮಿಂದ ಪಡೆಯುವ ಟ್ರಾಫಿಕ್ ಅನುಪಾತ 3:1ಕ್ಕೆ ಏರಿದೆ. ನಮ್ಮ ಮಿತಿ 2:1. ಮುಂದಿನ ತ್ರೈಮಾಸಿಕದಿಂದ ಪ್ರತಿ ಎಂಬಿಪಿಎಸ್‌ಗೆ ತಿಂಗಳಿಗೆ 40 ರೂಪಾಯಿ ಕೊಡಿ, ಇಲ್ಲವಾದರೆ ಈ ನೇರ ಸಂಪರ್ಕದ ಸೆಷನ್ ಮುಚ್ಚುತ್ತೇವೆ.’

ಗಾಬರಿಯಾಗಿ ಒಪ್ಪಿಕೊಳ್ಳುವವರಿದ್ದಾರೆ. ಸಿಟ್ಟಿಗೆದ್ದು ‘ಮುಚ್ಚಿಕೊಳ್ರಿ’ ಎನ್ನುವವರೂ ಇದ್ದಾರೆ. ಎರಡಕ್ಕೂ ಮೊದಲು ಮಾಡಬೇಕಾದ ಲೆಕ್ಕ ಒಂದಷ್ಟಿದೆ. ಕೆಳಗಿರುವುದು ಆ ಲೆಕ್ಕ. ಇದರಲ್ಲಿ ಬರುವ ರೂಪಾಯಿ ದರಗಳೆಲ್ಲ ಉದಾಹರಣೆಗೆಂದು ಇಟ್ಟುಕೊಂಡವು. ನಿಮ್ಮ ದರಗಳನ್ನು ಅಲ್ಲಿ ಹಾಕಿಕೊಳ್ಳಿ.

ಮೊದಲು: ಯಾವ ಬಗೆಯ ಒಪ್ಪಂದದ ಮಾತು ಇದು?

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಅಂತ ಇದೆ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾನು ಬರುತ್ತೇನೆ, ನಾಳೆ ನನ್ನ ಗದ್ದೆಗೆ ನೀವು ಬನ್ನಿ. ಕೂಲಿ ಇಲ್ಲ, ಚೀಟಿ ಇಲ್ಲ. ಆದರೆ ಯಾರು ಎಷ್ಟು ದಿನ ಬಂದರು ಎಂಬುದು ಎಲ್ಲರ ತಲೆಯಲ್ಲೂ ಇರುತ್ತದೆ. ಉಚಿತ ಪಿಯರಿಂಗ್ ಹೀಗೆಯೇ. ಎರಡು ನೆಟ್‌ವರ್ಕ್‌ಗಳು ತಮ್ಮ ತಮ್ಮ ಗ್ರಾಹಕರ ಟ್ರಾಫಿಕ್ ಅನ್ನು ನೇರವಾಗಿ ಕೊಟ್ಟು ತೆಗೆದುಕೊಳ್ಳುತ್ತವೆ. ಇನ್ನೊಬ್ಬರನ್ನು ದಾಟಿ ಮೂರನೆಯವರ ಹತ್ತಿರ ಹೋಗಲು ಇಲ್ಲಿ ಅವಕಾಶವಿಲ್ಲ.

ಟ್ರಾನ್ಸಿಟ್ ಎಂದರೆ ಕೂಲಿ ಕೊಟ್ಟು ಆಳು ಕರೆಸುವುದು. ಹಣ ಕೊಡುತ್ತೀರಿ, ಅವರು ನಿಮ್ಮನ್ನು ಇಡೀ ಇಂಟರ್ನೆಟ್‌ಗೆ ತಲುಪಿಸುತ್ತಾರೆ. ಇವೆರಡರ ನಡುವಿನದು ಹಣ ಕೊಡುವ ಪಿಯರಿಂಗ್, ಅಂದರೆ ಪೇಯ್ಡ್ ಪಿಯರಿಂಗ್. ತಲುಪುವುದು ಆ ಒಂದು ಕಂಪನಿಯ ಗ್ರಾಹಕರನ್ನು ಮಾತ್ರ, ಆದರೂ ಬಿಲ್ ಬರುತ್ತದೆ. ನಿಮಗೆ ಬಂದ ಮೇಲ್ ಮೊದಲನೆಯದರಿಂದ ಮೂರನೆಯದಕ್ಕೆ ನಿಮ್ಮನ್ನು ಸರಿಸುವ ಪ್ರಯತ್ನ. ಪೇಯ್ಡ್ ಪಿಯರಿಂಗ್ ದರ ಟ್ರಾನ್ಸಿಟ್ ದರದ ಹತ್ತಿರ ಬಂದರೆ ಅದರಲ್ಲಿ ಲಾಭ ಕಡಿಮೆ. ಒಂದೇ ಮನೆಗೆ ಹೋಗುವ ಆಟೋಗೆ ಊರೆಲ್ಲ ಸುತ್ತುವ ಬಾಡಿಗೆ ಯಾಕೆ, ಅಲ್ವಾ?

ನೆಟ್‌ವರ್ಕ್‌ಗಳು ತಮ್ಮ ಪಿಯರಿಂಗ್ ವಿವರ ಹಾಕುವ ಪಿಯರಿಂಗ್‌ಡಿಬಿ ತಾಣದಲ್ಲಿ ಆ ಕಂಪನಿಯ ಪುಟ ತೆಗೆದು ನೋಡಿ. ನೀತಿ ‘ಓಪನ್’, ‘ಸೆಲೆಕ್ಟಿವ್’ ಅಥವಾ ‘ರಿಸ್ಟ್ರಿಕ್ಟಿವ್’ ಎಂದಿರುತ್ತದೆ. ತಮ್ಮದು ಹೊರಹೋಗುವ ಟ್ರಾಫಿಕ್ ಜಾಸ್ತಿಯೋ, ಒಳಬರುವುದು ಜಾಸ್ತಿಯೋ, ಸಮವೋ ಎಂಬುದನ್ನೂ ಅವರು ಅಲ್ಲೇ ಹೇಳಿಕೊಂಡಿರುತ್ತಾರೆ. ‘ನಮ್ಮದು ಒಳಬರುವುದೇ ಜಾಸ್ತಿ’ ಎಂದು ತಾವೇ ಬರೆದುಕೊಂಡವರು ಎಲ್ಲರಿಂದಲೂ 2:1 ಸಮತೋಲ ಕೇಳುತ್ತಿದ್ದರೆ, ಆ ಮಿತಿ ಯಾರಿಗಾಗಿ ಇಟ್ಟದ್ದು ಎಂದು ಅಲ್ಲೇ ಅರ್ಥವಾಗುತ್ತದೆ.

ಅಳತೆ ನಿಮ್ಮದೂ ಇರಲಿ

ಅವರು ಹೇಳಿದ 3:1 ಅನ್ನು ಸುಮ್ನೆ ನಂಬಬೇಡಿ. ಸುಳ್ಳು ಹೇಳುತ್ತಾರೆ ಅಂತಲ್ಲ, ಅಳೆಯುವ ಬಗೆ ಬೇರೆ ಬೇರೆ ಇರುತ್ತದೆ.

ಎಷ್ಟು ಬೈಟ್ ದಾಟಿತು ಎಂದು ಎಣಿಸುವ ರೂಟರ್ ಪೋರ್ಟ್‌ನ ಕೌಂಟರ್ ಅನ್ನು ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನಗಳ ಅಂಕಿ ಓದುವ ವಿಧಾನ) ಮೂಲಕ 5 ನಿಮಿಷಕ್ಕೊಮ್ಮೆ ಓದುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ. 64 ಬಿಟ್ ಕೌಂಟರ್‌ಗಳನ್ನೇ ಓದಿ. ಹಳೆಯ 32 ಬಿಟ್ ಕೌಂಟರ್ 1 ಜಿಬಿಪಿಎಸ್ ವೇಗದಲ್ಲಿ ಸುಮಾರು 34 ಸೆಕೆಂಡಿಗೇ ಒಂದು ಸುತ್ತು ಮುಗಿಸಿ ಸೊನ್ನೆಗೆ ಬರುತ್ತದೆ. 5 ನಿಮಿಷಕ್ಕೊಮ್ಮೆ ನೋಡುವವನಿಗೆ ಎಷ್ಟು ಸುತ್ತು ಹೋಯಿತು ಎಂದು ಹೇಗೆ ತಿಳಿಯಬೇಕು?

ಬಿಲ್ಲಿಂಗ್‌ಗೆ ಬಳಸುವುದು 95ನೇ ಪರ್ಸೆಂಟೈಲ್. 30 ದಿನದ ತಿಂಗಳಲ್ಲಿ 8,640 ಸ್ಯಾಂಪಲ್ ಬರುತ್ತವೆ. ಅವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮೇಲಿನ 5%, ಅಂದರೆ 432 ಸ್ಯಾಂಪಲ್ ತೆಗೆದುಹಾಕಿ. ಅದರ ಕೆಳಗೆ ಸಿಗುವ ಸಂಖ್ಯೆಯೇ ಬಿಲ್ಲಿನ ಸಂಖ್ಯೆ. 432 ಸ್ಯಾಂಪಲ್ ಎಂದರೆ ತಿಂಗಳಿಗೆ 36 ಗಂಟೆ. ಅಷ್ಟು ಹೊತ್ತಿನ ಏರಿಕೆ ಲೆಕ್ಕಕ್ಕೆ ಬರುವುದಿಲ್ಲ.

ತಕರಾರು ಶುರುವಾಗುವುದು ಇದರ ನಂತರ. ಅನುಪಾತ ಎಂದರೆ ಎರಡೂ ದಿಕ್ಕಿನ 95ನೇ ಪರ್ಸೆಂಟೈಲ್‌ಗಳ ನಡುವಿನದೋ, ತಿಂಗಳ ಒಟ್ಟು ಬೈಟ್‌ಗಳ ನಡುವಿನದೋ? ಎರಡೂ ಒಂದೇ ಉತ್ತರ ಕೊಡಬೇಕೆಂದಿಲ್ಲ. ಜನ ರಾತ್ರಿ 9ರಿಂದ 11ರವರೆಗೆ ವಿಡಿಯೋ ನೋಡುತ್ತಾರೆ. ನಿಮ್ಮಿಂದ ಹೊರಹೋಗುವುದು ಆಗ ಗುಡ್ಡದಂತೆ ಏರುತ್ತದೆ. ಅವರ ಕಡೆಯ ಆಫೀಸುಗಳಿಂದ ನಿಮ್ಮ ಸರ್ವರ್‌ಗಳಿಗೆ ಬರುವ ಬ್ಯಾಕಪ್ ಮಾತ್ರ ಹಗಲೂ ರಾತ್ರಿ ಒಂದೇ ಸಮ. ಪರ್ಸೆಂಟೈಲ್ ಲೆಕ್ಕದಲ್ಲಿ 3:1 ಆದದ್ದು ಒಟ್ಟು ಬೈಟ್ ಲೆಕ್ಕದಲ್ಲಿ 2:1ರ ಆಸುಪಾಸಿಗೆ ಇಳಿಯಬಹುದು. ಅವರ ನೀತಿಯಲ್ಲಿ ಯಾವುದು ಎಂದು ಬರೆದಿಲ್ಲವಾದರೆ ನಿಮಗೆ ಮಾತಾಡಲು ಜಾಗ ಸಿಕ್ಕಿತು.

ಇನ್ನೊಂದು ಸೂಕ್ಷ್ಮ. ಬೆಂಗಳೂರು, ಮುಂಬೈ, ದೆಹಲಿ ಮೂರೂ ಕಡೆ ಪೋರ್ಟ್ ಇದ್ದರೆ, ಪ್ರತಿ ಪೋರ್ಟ್‌ಗೆ ಪರ್ಸೆಂಟೈಲ್ ತೆಗೆದು ಕೂಡಿಸಬೇಡಿ. ಮೊದಲು ಅದೇ 5 ನಿಮಿಷದ ಮೂರೂ ಸ್ಯಾಂಪಲ್ ಕೂಡಿಸಿ, ಆಮೇಲೆ ಪರ್ಸೆಂಟೈಲ್ ತೆಗೆಯಿರಿ. ಒಂದು ಲಿಂಕ್ ಕೆಟ್ಟ ದಿನ ಟ್ರಾಫಿಕ್ ಇನ್ನೊಂದಕ್ಕೆ ಹರಿದಿರುತ್ತದೆ. ಬೇರೆ ಬೇರೆ ಲೆಕ್ಕ ಹಾಕಿದರೆ ಅದೇ ಟ್ರಾಫಿಕ್‌ಗೆ ಎರಡು ಕಡೆ ಬಿಲ್ ಆಗಬಹುದು.

ಪೋರ್ಟ್ ಕೌಂಟರ್ ಎಷ್ಟು ಎಂದು ಹೇಳುತ್ತದೆ, ಯಾರದ್ದು ಎಂದು ಹೇಳುವುದಿಲ್ಲ. ಅದಕ್ಕೆ ಟ್ರಾಫಿಕ್ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ದಾಖಲಿಸುವ ನೆಟ್‌ಫ್ಲೋ ಅಥವಾ ಎಸ್‌ಫ್ಲೋ ಬೇಕು. ಪಿಎಂಎಸಿಸಿಟಿ, ಎನ್‌ಎಫ್‌ಡಂಪ್, ಅಕ್ವೊರಾಡೊ ಇವೆಲ್ಲ ಉಚಿತವಾಗಿ ಸಿಗುವ ಸಾಧನಗಳು. ನಿಮ್ಮ ಯಾವ ಗ್ರಾಹಕರಿಂದ ಈ ಏರಿಕೆ ಬಂತು ಎಂದು ಹುಡುಕಿ. ಎಷ್ಟೋ ಸಲ ಒಬ್ಬನೇ ವಿಡಿಯೋ ಗ್ರಾಹಕ ಇಡೀ ಅನುಪಾತವನ್ನು ಎತ್ತಿ ಹಾಕಿರುತ್ತಾನೆ.

ದಿಕ್ಕು ಅದಲುಬದಲಾಗದಂತೆ ನೋಡಿಕೊಳ್ಳಿ. ನಿಮ್ಮ ‘ಔಟ್’ ಎಂದರೆ ಅವರ ‘ಇನ್’. ನಗಬೇಡಿ, ಸ್ಪ್ರೆಡ್‌ಶೀಟ್‌ನಲ್ಲಿ ಇದು ಬಹಳ ಸುಲಭವಾಗಿ ಆಗುವ ತಪ್ಪು.

ನಮ್ಮ ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ: ನಿಮ್ಮಿಂದ ಅವರಿಗೆ 6 ಜಿಬಿಪಿಎಸ್, ಅವರಿಂದ ನಿಮಗೆ 2 ಜಿಬಿಪಿಎಸ್. ಅನುಪಾತ 3:1 ಹೌದು.

ಅನುಪಾತ ಖರ್ಚಲ್ಲ, ಕಿಲೋಮೀಟರ್ ಖರ್ಚು

ಇಡೀ ವಿಷಯದ ತಿರುಳು ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

6 ಜಿಬಿಪಿಎಸ್ ಅನ್ನು ಪಡೆಯುವುದಕ್ಕೂ 2 ಜಿಬಿಪಿಎಸ್ ಅನ್ನು ಪಡೆಯುವುದಕ್ಕೂ ಪೋರ್ಟ್ ಒಂದೇ. 10 ಜಿಬಿಪಿಎಸ್ ಪೋರ್ಟ್ ಎರಡೂ ದಿಕ್ಕಿಗೆ 10 ಕೊಡುತ್ತದೆ. ಹಾಗಾದರೆ ಜಾಸ್ತಿ ಕಳಿಸುವವರು ಹಣ ಕೊಡಬೇಕು ಎಂಬ ಮಾತು ಎಲ್ಲಿಂದ ಹುಟ್ಟಿತು?

ಹುಟ್ಟಿದ್ದು ‘ಹಾಟ್ ಪೊಟೇಟೋ’ ರೂಟಿಂಗ್‌ನಿಂದ. ಕೈಗೆ ಬಂದ ಬಿಸಿ ಆಲೂಗಡ್ಡೆಯನ್ನು ಪಕ್ಕದವರ ಕೈಗೆ ಬೇಗ ದಾಟಿಸುವ ಹಾಗೆ, ಪ್ರತಿ ನೆಟ್‌ವರ್ಕ್ ಪ್ಯಾಕೆಟ್ ಅನ್ನು ತನಗೆ ಹತ್ತಿರದ ಜಾಗದಲ್ಲೇ ಪಿಯರ್‌ಗೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ನೀವು ಮತ್ತು ಅವರು ಬೆಂಗಳೂರು, ದೆಹಲಿ ಎರಡೂ ಕಡೆ ಸೇರುತ್ತೀರಿ. ದೆಹಲಿಯ ಒಂದು ಮನೆಯಿಂದ ನಿಮ್ಮ ಬೆಂಗಳೂರಿನ ಸರ್ವರ್‌ಗೆ ಕೋರಿಕೆ ಹೊರಡುತ್ತದೆ. ಅವರು ಅದನ್ನು ದೆಹಲಿಯಲ್ಲೇ ನಿಮಗೆ ಕೊಡುತ್ತಾರೆ. ಬೆಂಗಳೂರಿನವರೆಗೆ ಹೊರುವುದು ನೀವು. ಉತ್ತರ ಹೊರಟಾಗ ನೀವು ಬೆಂಗಳೂರಿನಲ್ಲೇ ಅವರಿಗೆ ಕೊಡುತ್ತೀರಿ. ದೆಹಲಿಯವರೆಗೆ ಹೊರುವುದು ಅವರು. ಕೋರಿಕೆ ಚಿಕ್ಕದು, ಉತ್ತರ ದೊಡ್ಡದು. ಹೀಗಾಗಿ ದೂರದ ಹೊರೆ ಅವರ ಬೆನ್ನಿಗೆ ಬೀಳುತ್ತದೆ. ಅವರ ದೂರಿನಲ್ಲಿ ನ್ಯಾಯ ಇರುವುದು ಇಷ್ಟರ ಮಟ್ಟಿಗೆ.

ಈಗ ಲೆಕ್ಕ. ಎರಡೂ ಊರಿನ ನಡುವೆ 2,000 ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಎಲ್ಲ ಟ್ರಾಫಿಕ್ ಈ ಎರಡು ಊರಿನ ನಡುವಿನದೇ ಎಂದುಕೊಳ್ಳೋಣ. ಅವರು ಹೊರುವುದು 6 × 2,000 = 12,000 ಗಿಗಾಬಿಟ್-ಕಿಲೋಮೀಟರ್. ನೀವು ಹೊರುವುದು 2 × 2,000 = 4,000. ಅಜಗಜಾಂತರ.

ನೀವು ಒಂದು ಮಾತು ಕೊಡಿ: ‘ಉತ್ತರದ 6ರಲ್ಲಿ 2 ಜಿಬಿಪಿಎಸ್ ಅನ್ನು ನಾವೇ ದೆಹಲಿವರೆಗೆ ತಂದು ಅಲ್ಲಿ ಕೊಡುತ್ತೇವೆ.’ ಈಗ ಅವರು ಹೊರುವುದು 4 × 2,000 = 8,000. ನೀವು ಹೊರುವುದು ಮೊದಲಿನ 4,000, ಜೊತೆಗೆ ಹೊಸದಾಗಿ 4,000, ಒಟ್ಟು 8,000. ಸಮ! ಅನುಪಾತ ಮಾತ್ರ ಇನ್ನೂ 3:1 ಇದೆ. ಒಂದು ಬಿಟ್ ಕೂಡ ಕಡಿಮೆಯಾಗಿಲ್ಲ. ಹಾಗಾದರೆ ಅನುಪಾತ ಅಳೆಯುತ್ತಿದ್ದದ್ದು ಏನನ್ನು?

ಹೀಗೆ ದೂರ ಹೊತ್ತು ತಂದು ಕೊಡುವುದಕ್ಕೆ ‘ಕೋಲ್ಡ್ ಪೊಟೇಟೋ’ ಎನ್ನುತ್ತಾರೆ. ಬಿಜಿಪಿಯಲ್ಲಿ (ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ತಿಳಿಸುವ ವ್ಯವಸ್ಥೆ) ಅವರು ಕಳಿಸುವ ಎಂಇಡಿ ಮೌಲ್ಯಗಳನ್ನು, ಅಂದರೆ ಯಾವ ಜಾಗದಲ್ಲಿ ಕೊಟ್ಟರೆ ಒಳ್ಳೆಯದೆಂಬ ಸೂಚನೆಗಳನ್ನು, ನೀವು ಗೌರವಿಸಿದರೆ ಇದು ನಡೆಯುತ್ತದೆ. ದೆಹಲಿಯಲ್ಲೇ ನಿಮ್ಮದೊಂದು ಕ್ಯಾಶ್ ಸರ್ವರ್ (ಜನ ಮತ್ತೆ ಮತ್ತೆ ಕೇಳುವುದರ ನಕಲು ಇಡುವುದು) ಇಟ್ಟರಂತೂ ಹೊರುವ ಪ್ರಶ್ನೆಯೇ ಕಡಿಮೆಯಾಗುತ್ತದೆ.

ನಿಮ್ಮ ಗ್ರಾಹಕರೂ ಅವರ ಗ್ರಾಹಕರೂ ಒಂದೇ ಊರಿನವರಾಗಿದ್ದು, ಅದೇ ಊರಿನಲ್ಲೇ ನೀವು ಸೇರುತ್ತಿದ್ದರೆ? ಆಗ ಹೊರುವ ದೂರವೇ ಇಲ್ಲ. ಅಂಥ ಕಡೆ ಅನುಪಾತದ ಮಾತೆತ್ತಿದರೆ ಅದು ಚೌಕಾಸಿ ಅಷ್ಟೇ. ಚೌಕಾಸಿ ಮಾಡುವುದು ತಪ್ಪೇನಲ್ಲ. ಆದರೆ ಅದನ್ನು ಖರ್ಚು ಎಂದು ಕರೆಯಬಾರದು.

ಇತಿಹಾಸದ ಎರಡು ಜಗಳ, ಒಂದೇ ಕಂಪನಿ

2005ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ದೂರದ ಟ್ರಾಫಿಕ್ ಸಾಗಿಸುವ ಲೆವೆಲ್ 3 ಕಂಪನಿ, ಅದೇ ಕೆಲಸದ ಕೋಜೆಂಟ್ ಜೊತೆಗಿನ ಪಿಯರಿಂಗ್ ಕಡಿಯಿತು. ಕೋಜೆಂಟ್ ತನಗೆ ಕಳಿಸುವುದು ಬಹಳ ಜಾಸ್ತಿ, ಪಡೆಯುವುದು ಕಡಿಮೆ, ಆದ್ದರಿಂದ ಉಚಿತವಾಗಿ ಮುಂದುವರಿಸಲು ಆಗದು ಎಂಬುದು ಲೆವೆಲ್ 3 ವಾದ. ಒಬ್ಬರನ್ನೊಬ್ಬರು ತಲುಪಲು ಇಬ್ಬರೂ ಬೇರೆಯವರಿಂದ ಟ್ರಾನ್ಸಿಟ್ ತೆಗೆದುಕೊಳ್ಳುತ್ತಿರಲಿಲ್ಲ. ಸುತ್ತಿ ಬಳಸಿ ಹೋಗಲು ದಾರಿಯೇ ಇರಲಿಲ್ಲ. ಒಬ್ಬರನ್ನು ಮಾತ್ರ ನೆಚ್ಚಿಕೊಂಡಿದ್ದ ಗ್ರಾಹಕರಿಗೆ ಇನ್ನೊಬ್ಬರ ಗ್ರಾಹಕರು ಕಾಣದಾದರು. ಕೋಜೆಂಟ್ ಸುಮ್ಮನಿರಲಿಲ್ಲ. ಲೆವೆಲ್ 3 ಒಂದನ್ನೇ ನಂಬಿದ್ದ ಗ್ರಾಹಕರಿಗೆ ಒಂದು ವರ್ಷ ಉಚಿತ ಸೇವೆ ಕೊಡುತ್ತೇನೆ ಎಂದು ಸಾರಿತು. ಕೆಲವೇ ದಿನಗಳಲ್ಲಿ ಲಿಂಕ್ ಮತ್ತೆ ತೆರೆಯಿತು. ತಿಂಗಳ ಕೊನೆಗೆ ರಾಜಿಯಾಯಿತು.

ಐದು ವರ್ಷ ಕಳೆಯಿತು. 2010ರ ನವೆಂಬರ್. ಇದೇ ಲೆವೆಲ್ 3 ನೆಟ್‌ಫ್ಲಿಕ್ಸ್ ವಿಡಿಯೋ ಹಂಚುವ ಗುತ್ತಿಗೆ ಪಡೆಯಿತು. ಮನೆಗಳಿಗೆ ಬ್ರಾಡ್‌ಬ್ಯಾಂಡ್ ಕೊಡುವ ಕಾಮ್‌ಕಾಸ್ಟ್ ಕಡೆಗೆ ಟ್ರಾಫಿಕ್ ಏರಿತು. ಅನುಪಾತ 5:1 ಆಗುತ್ತದೆ, ಹಣ ಕೊಡಿ ಎಂದಿತು ಕಾಮ್‌ಕಾಸ್ಟ್. ಈಗ ಲೆವೆಲ್ 3 ಏನೆಂದಿರಬಹುದು? ಆ ಟ್ರಾಫಿಕ್ ಕೇಳಿದ್ದು ನಿಮ್ಮದೇ ಗ್ರಾಹಕರು, ನಮ್ಮಿಂದ ಯಾಕೆ ಹಣ ಕೇಳುತ್ತೀರಿ ಎಂದು! 2005ರಲ್ಲಿ ಕೋಜೆಂಟ್ ನಿಂತಿದ್ದ ಜಾಗದಲ್ಲಿ ಈಗ ಅದೇ ನಿಂತಿತ್ತು. ಕೊನೆಗೆ ಒಪ್ಪಂದವಾಗಲು 2013 ಬಂತು. ನೆಟ್‌ಫ್ಲಿಕ್ಸ್ ತಾನೇ 2014ರ ಫೆಬ್ರವರಿಯಲ್ಲಿ ಕಾಮ್‌ಕಾಸ್ಟ್‌ಗೆ ಹಣ ಕೊಟ್ಟು ನೇರ ಸಂಪರ್ಕ ಪಡೆಯಿತು.

ನಮ್ಮ ದೇಶದ ಉದಾಹರಣೆ ಇನ್ನೂ ಮಜವಾಗಿದೆ. 2003ರಲ್ಲಿ ಶುರುವಾದ ನಿಕ್ಸಿ ಇಂಟರ್ನೆಟ್ ಎಕ್ಸ್‌ಚೇಂಜ್‌ನಲ್ಲಿ (ನೆಟ್‌ವರ್ಕ್‌ಗಳು ಸೇರಿ ಟ್ರಾಫಿಕ್ ಕೊಟ್ಟು ತೆಗೆದುಕೊಳ್ಳುವ ಜಾಗ) ಬಹಳ ವರ್ಷ ‘ಎಕ್ಸ್ ಮೈನಸ್ ವೈ’ ಎಂಬ ಲೆಕ್ಕ ಇತ್ತು. ಎಕ್ಸ್ ಒಳಬಂದದ್ದು, ವೈ ಹೊರಹೋದದ್ದು. ಒಳಬಂದದ್ದು ಜಾಸ್ತಿ ಇದ್ದವರು ಹಣ ಕೊಡಬೇಕು, ಹೊರ ಕಳಿಸಿದವರಿಗೆ ಹಣ ಬರುತ್ತದೆ. ಕೇಳಿದವರು ಕೊಡಲಿ ಎಂಬ ತರ್ಕ. ಅಮೆರಿಕದಲ್ಲಿ ಕಳಿಸಿದವರಿಂದ ಕೇಳಿದರು, ಇಲ್ಲಿ ಪಡೆದವರಿಂದ ಕೇಳಿದರು. ಅಸಮತೋಲ ಒಂದೇ, ಬಿಲ್ ಹೋದ ವಿಳಾಸ ಮಾತ್ರ ಉಲ್ಟಾ.

ಟ್ರಾಫಿಕ್ ಹೆಚ್ಚು ಕಡಿಮೆ ಇದೆ ಎಂಬುದರಿಂದ ಯಾರು ಯಾರಿಗೆ ಕೊಡಬೇಕು ಎಂಬುದು ತಾನಾಗಿ ಹೊರಡುವುದಿಲ್ಲ. ಯಾರಿಗೆ ಯಾರು ಜಾಸ್ತಿ ಬೇಕು ಎಂಬುದರಿಂದ ಹೊರಡುತ್ತದೆ. ಹಾಗಾಗಿ ಮುಂದಿನ ಹೆಜ್ಜೆ ಅದನ್ನೇ ರೂಪಾಯಿಯಲ್ಲಿ ಅಳೆಯುವುದು.

ನಿಮ್ಮ ದಾರಿಗಳಿಗೆ ಬೆಲೆ ಕಟ್ಟಿ

ನಿಮ್ಮ ಟ್ರಾನ್ಸಿಟ್ ದರ ಎಂಬಿಪಿಎಸ್‌ಗೆ ತಿಂಗಳಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. 1 ಜಿಬಿಪಿಎಸ್ ಎಂದರೆ 1,000 ಎಂಬಿಪಿಎಸ್.

ಅವರು ಕೇಳಿದಂತೆ ಇಡೀ 6 ಜಿಬಿಪಿಎಸ್‌ಗೆ 40 ರೂಪಾಯಿಯಂತೆ ಕೊಟ್ಟರೆ ತಿಂಗಳಿಗೆ 2,40,000. ಮಿತಿ ಮೀರಿದ ಭಾಗಕ್ಕೆ ಮಾತ್ರ ಕೊಟ್ಟರೆ? 2:1 ಪ್ರಕಾರ 4 ಜಿಬಿಪಿಎಸ್ ಉಚಿತ, ಮಿಕ್ಕ 2 ಜಿಬಿಪಿಎಸ್‌ಗೆ 80,000. ಮೇಲ್‌ನಲ್ಲಿ ಯಾವುದು ಎಂದು ಸ್ಪಷ್ಟವಾಗಿರುವುದೇ ಇಲ್ಲ. ಮೊದಲ ಪ್ರಶ್ನೆಯಾಗಿ ಇದನ್ನೇ ಕೇಳಿ. ತಿಂಗಳಿಗೆ 1,60,000 ವ್ಯತ್ಯಾಸ ಒಂದೇ ಸಾಲಿನಲ್ಲಿದೆ.

ಹೆಚ್ಚಾದ 2 ಜಿಬಿಪಿಎಸ್ ಅನ್ನು ಟ್ರಾನ್ಸಿಟ್ ಮೇಲೆ ಕಳಿಸಿದರೆ 2,00,000. ಪಿಯರಿಂಗ್ ಮುರಿದು ಎಲ್ಲವೂ ಟ್ರಾನ್ಸಿಟ್‌ಗೆ ಬಿದ್ದರೆ 6,00,000. ನಿಮ್ಮದು ಹೊರಹೋಗುವ ಟ್ರಾಫಿಕ್ ಜಾಸ್ತಿ ಇರುವ ಕಂಪನಿ, ಆದ್ದರಿಂದ ಇದಿಷ್ಟೂ ಬಿಲ್ ಮೇಲೆ ನೇರವಾಗಿ ಕೂರುತ್ತದೆ. ಟ್ರಾನ್ಸಿಟ್ ಬಿಲ್ ಸಾಮಾನ್ಯವಾಗಿ ಎರಡು ದಿಕ್ಕಿನಲ್ಲಿ ಯಾವುದು ದೊಡ್ಡದೋ ಅದಕ್ಕೆ ಮಾತ್ರ.

ಕೋಲ್ಡ್ ಪೊಟೇಟೋ ದಾರಿ: ದೆಹಲಿವರೆಗೆ 10 ಜಿಬಿಪಿಎಸ್ ಲಿಂಕ್ ಬಾಡಿಗೆ 1,20,000 ಎಂದಿಟ್ಟುಕೊಳ್ಳಿ. ಇವತ್ತಿಗೆ 80,000 ಕೊಡುವುದೇ ಅಗ್ಗ. ಮುಂದಿನ ವರ್ಷ ಟ್ರಾಫಿಕ್ 9 ಮತ್ತು 3 ಜಿಬಿಪಿಎಸ್ ಆದರೆ? ಅನುಪಾತ ಅದೇ 3:1. ಉಚಿತ ಭಾಗ 6, ಹೆಚ್ಚಾದದ್ದು 3, ಬಿಲ್ 1,20,000. ಅನುಪಾತ ಕದಲದಿದ್ದರೂ ಬಿಲ್ ಒಂದೂವರೆ ಪಟ್ಟಾಯಿತು. ಲಿಂಕ್ ಬಾಡಿಗೆ ಮಾತ್ರ ಅಷ್ಟೇ ಇದೆ, ಅದರಲ್ಲಿ ಇನ್ನೂ ಜಾಗವಿದೆ. ಅಂದರೆ ಒಂದು ವರ್ಷಕ್ಕೆ ಹಣ ಕೊಟ್ಟು, ಆಮೇಲೆ ಲಿಂಕ್‌ಗೆ ಹೋಗುವುದು ಜಾಣತನ. ಹಾಗಾದರೆ ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಡಿ.

ಪೋರ್ಟ್, ಕ್ರಾಸ್ ಕನೆಕ್ಟ್ (ಇಬ್ಬರ ಸಾಧನ ಜೋಡಿಸುವ ಕೇಬಲ್) ಬಾಡಿಗೆ, ಜಿಎಸ್‌ಟಿ ಎಲ್ಲ ಸೇರಿಸಿಯೇ ಹೋಲಿಸಿ.

ಈಗ ಅವರ ಕುರ್ಚಿಯಲ್ಲಿ ಕೂತು ನೋಡಿ

ಬಹಳ ಜನ ಈ ಹೆಜ್ಜೆ ಬಿಡುತ್ತಾರೆ. ನನ್ನ ಪ್ರಕಾರ ಅರ್ಧ ಮಾತುಕತೆ ಗೆಲ್ಲುವುದು ಇಲ್ಲೇ.

ಪಿಯರಿಂಗ್ ಮುಚ್ಚಿದ ಮರುದಿನ ನಿಮ್ಮ 6 ಜಿಬಿಪಿಎಸ್ ಅವರನ್ನು ಯಾವ ದಾರಿಯಲ್ಲಿ ತಲುಪುತ್ತದೆ? ಲುಕಿಂಗ್ ಗ್ಲಾಸ್ (ಬೇರೆ ನೆಟ್‌ವರ್ಕ್‌ಗೆ ಕಾಣುವ ದಾರಿಗಳನ್ನು ತೋರಿಸುವ ತಾಣ) ತೆರೆದು ಎಎಸ್ ಪಾತ್, ಅಂದರೆ ದಾರಿಯಲ್ಲಿ ಬರುವ ನೆಟ್‌ವರ್ಕ್‌ಗಳ (ಎಎಸ್) ಸಾಲು ನೋಡಿ. ಮೂರು ಸಾಧ್ಯತೆ ಇವೆ.

ಅವರು ಹಣ ಕೊಟ್ಟು ಟ್ರಾನ್ಸಿಟ್ ಪಡೆಯುವ ಕಂಪನಿಯ ಮೂಲಕ ಬಂದರೆ, ಅವರ ಬಿಲ್ ಏರುತ್ತದೆ. ಅವರದ್ದು ಒಳಬರುವ ಟ್ರಾಫಿಕ್ ಜಾಸ್ತಿ ಇರುವ ನೆಟ್‌ವರ್ಕ್, ಹೀಗಾಗಿ ಪೂರ್ತಿ 6 ಜಿಬಿಪಿಎಸ್ ಅವರ ಬಿಲ್‌ಗೆ ಬೀಳುತ್ತದೆ. ದೊಡ್ಡವರು, ದರ 60 ರೂಪಾಯಿ ಎಂದರೂ 3,60,000. ನಿಮ್ಮಿಂದ 80,000 ಪಡೆಯಲು ಹೋಗಿ ಇಷ್ಟು ಕಳೆದುಕೊಳ್ಳುವ ಬೆದರಿಕೆ ಅದು. ಧೈರ್ಯವಾಗಿ ಕೂತು ಮಾತಾಡಿ.

ಅವರ ಇನ್ನೊಬ್ಬ ಉಚಿತ ಪಿಯರ್ ಮೂಲಕ ಬಂದರೆ ಅವರಿಗೆ ಖರ್ಚಿಲ್ಲ, ಆದರೆ ಆ ಪಿಯರ್ ಪೋರ್ಟ್ ತುಂಬುತ್ತದೆ.

ಅವರಿಗೇ ಹಣ ಕೊಡುವ ಗ್ರಾಹಕರ ಮೂಲಕ ಬಂದರೆ ಅವರಿಗೆ ಆದಾಯ! ನಿಮ್ಮ ಟ್ರಾನ್ಸಿಟ್ ಕಂಪನಿ ಅವರ ಗ್ರಾಹಕನಾಗಿದ್ದರೆ, ಪಿಯರಿಂಗ್ ಮುಚ್ಚಿದಷ್ಟೂ ಅವರಿಗೆ ಒಳ್ಳೆಯದು. ಆಗ ಬೆದರಿಕೆ ನಿಜ. ಮಾತುಕತೆಗೆ ಮೊದಲೇ ಬೇರೆ ದಾರಿಯ ಇನ್ನೊಂದು ಟ್ರಾನ್ಸಿಟ್ ತೆಗೆದುಕೊಂಡರೆ ನಿಮ್ಮ ಸ್ಥಾನ ರಾತ್ರೋರಾತ್ರಿ ಬದಲಾಗುತ್ತದೆ.

ದುಡ್ಡಿಗಿಂತ ಆಚೆಗೂ ನೋಡಿ. ನಿಮ್ಮ ಹತ್ತಿರ ಅವರ ಗ್ರಾಹಕರು ಬಿಟ್ಟಿರಲಾರದ ಏನಾದರೂ ಇದೆಯೇ? ಜರ್ಮನಿಯಲ್ಲಿ ಡಾಯ್ಚ ಟೆಲಿಕಾಮ್ ಮತ್ತು ಫೇಸ್‌ಬುಕ್ ನಡೆಸುವ ಮೆಟಾ ನಡುವೆ ನೇರ ಸಂಪರ್ಕದ ಶುಲ್ಕಕ್ಕೆ ಜಗಳವಾಗಿ, 2024ರ ಮೇ ತಿಂಗಳಲ್ಲಿ ಕಲೋನ್‌ನ ನ್ಯಾಯಾಲಯ ಸುಮಾರು 2 ಕೋಟಿ ಯೂರೋ ಕೊಡಬೇಕೆಂದು ಮೆಟಾಗೆ ಹೇಳಿತು. ಅದೇ ಸೆಪ್ಟೆಂಬರ್‌ನಲ್ಲಿ ಮೆಟಾ ನೇರ ಸಂಪರ್ಕವನ್ನೇ ಬಿಟ್ಟು ಬೇರೊಬ್ಬರ ಮೂಲಕ ಟ್ರಾಫಿಕ್ ಕಳಿಸಲು ಹೊರಟಿತು. ದಕ್ಷಿಣ ಕೊರಿಯಾದಲ್ಲಿ 2016ರಿಂದ ಇಂಟರ್ನೆಟ್ ಕಂಪನಿಗಳ ನಡುವೆ ಕಳಿಸಿದವರೇ ಕೊಡಬೇಕೆಂಬ ನಿಯಮವಿದೆ. ನೆಟ್‌ವರ್ಕ್ ಶುಲ್ಕ ವಿಪರೀತವಾಯಿತು ಎಂದು ವಿಡಿಯೋ ನೇರಪ್ರಸಾರದ ತಾಣ ಟ್ವಿಚ್ 2024ರ ಫೆಬ್ರವರಿಯಲ್ಲಿ ಆ ದೇಶವನ್ನೇ ಬಿಟ್ಟಿತು. ನಮ್ಮಲ್ಲೂ ಟೆಲಿಕಾಂ ಕಂಪನಿಗಳ ಸಂಘ ಸಿಒಎಐ ದೊಡ್ಡ ಆ್ಯಪ್ ಕಂಪನಿಗಳಿಂದ ಪಾಲು ಕೇಳುತ್ತಿದೆ. ನಿಮ್ಮ ಮೇಜಿನ ಆಚೆ ಕೂತವರು ಈ ಸುದ್ದಿಯನ್ನೆಲ್ಲ ಓದಿಕೊಂಡೇ ಬಂದಿರುತ್ತಾರೆ.

ಅನುಪಾತವನ್ನೇ ತಿದ್ದಬಹುದೇ?

ಸ್ವಲ್ಪ ಮಟ್ಟಿಗೆ ಹೌದು. ನಿಮ್ಮ ಹತ್ತಿರ ಕಳಿಸುವವರೇ ತುಂಬಿದ್ದರೆ, ಪಡೆಯುವ ಗ್ರಾಹಕರನ್ನು ಹಿಡಿಯಿರಿ. ಟ್ರಾನ್ಸಿಟ್ ಬಿಲ್ ದೊಡ್ಡ ದಿಕ್ಕಿಗೆ ಮಾತ್ರ ಎಂದೆನಲ್ಲ, ನಿಮ್ಮ ಒಳಬರುವ ದಿಕ್ಕು ಹೇಗೂ ಖಾಲಿ ಬಿದ್ದಿದೆ. ಊರಿನ ಕೇಬಲ್ ಇಂಟರ್ನೆಟ್‌ನವರು, ಕಾಲೇಜು, ಆಫೀಸು ಇಂಥವರಿಗೆ ಕಡಿಮೆ ದರಕ್ಕೆ ಕೊಟ್ಟರೂ ನಿಮಗೆ ಹೆಚ್ಚಿನ ಖರ್ಚಿಲ್ಲ. ಬ್ರಾಡ್‌ಬ್ಯಾಂಡ್ ಕಂಪನಿಗಳು ಇದನ್ನೇ ಉಲ್ಟಾ ಮಾಡಬಹುದು: ಖಾಲಿ ಇರುವ ಹೊರದಿಕ್ಕಿಗೆ ಹೋಸ್ಟಿಂಗ್ ಗ್ರಾಹಕರನ್ನು ತರುವುದು.

ಏರಿಕೆಗೆ ಕಾರಣನಾದ ಆ ಒಬ್ಬ ವಿಡಿಯೋ ಗ್ರಾಹಕನ ಒಂದಷ್ಟು ಟ್ರಾಫಿಕ್ ಅನ್ನು ರಾತ್ರಿಯ ಗುಡ್ಡದ ಹೊತ್ತಿನಲ್ಲಿ ಬೇರೆ ದಾರಿಗೆ ತಿರುಗಿಸುವುದೂ ಆಗುತ್ತದೆ. ಅವನ ಬೆಲೆಯಲ್ಲಿ ಈ ಖರ್ಚನ್ನು ಸೇರಿಸಿದ್ದೀರಾ ಎಂದೂ ನೋಡಿಕೊಳ್ಳಿ.

ಸುಳ್ಳು ಟ್ರಾಫಿಕ್ ಹುಟ್ಟಿಸಿ ಅನುಪಾತ ಸರಿಮಾಡುವ ಕುತಂತ್ರ ಹಳೆಯದು. ನೆಟ್‌ಫ್ಲೋ ಇರುವವರಿಗೆ ಅದು ಅರ್ಧ ಗಂಟೆಯಲ್ಲಿ ಕಾಣುತ್ತದೆ. ಬೇಡ.

ಕಾಗದದಲ್ಲಿ ಏನಿರಬೇಕು

ಪ್ಯಾಕೆಟ್ ಕ್ಲಿಯರಿಂಗ್ ಹೌಸ್ ಸಂಸ್ಥೆ 2016ರಲ್ಲಿ ಸುಮಾರು 19 ಲಕ್ಷ ಪಿಯರಿಂಗ್ ಸಂಬಂಧಗಳನ್ನು ನೋಡಿತು. 99.93% ಕಡೆ ಬರೆದ ಒಪ್ಪಂದವೇ ಇರಲಿಲ್ಲ. ಬರೀ ಬಾಯಿಮಾತು. ಜಗತ್ತಿನ ಇಂಟರ್ನೆಟ್ ನಿಂತಿರುವುದು ಮುಯ್ಯಾಳಿನ ನಂಬಿಕೆಯ ಮೇಲೆ ಎಂದರೆ ಖುಷಿಯೇ ಆಗುತ್ತದೆ. ಆದರೆ ಹಣ ಕೈ ಬದಲಾಗುವ ಕಡೆ ಬಾಯಿಮಾತು ಸಾಲದು.

ಅಳತೆಯ ವಿಧಾನ ಮೊದಲು ಬರಲಿ: ಯಾರ ರೂಟರ್‌ನ ಕೌಂಟರ್, ಪರ್ಸೆಂಟೈಲೋ ಒಟ್ಟು ಬೈಟೋ, ಎಲ್ಲ ಊರಿನ ಪೋರ್ಟ್ ಕೂಡಿಸಿಯೋ ಬಿಡಿಯಾಗಿಯೋ. ಇಬ್ಬರ ಅಳತೆಯಲ್ಲಿ 5%ಗಿಂತ ವ್ಯತ್ಯಾಸ ಬಂದರೆ ಏನು ಮಾಡುವುದು ಎಂದೂ ಇರಲಿ. ಹಣ ಮಿತಿ ಮೀರಿದ ಭಾಗಕ್ಕೆ ಮಾತ್ರ ಎಂದು ಬರೆಸಿ. ಒಂದು ತಿಂಗಳು ಮಿತಿ ದಾಟಿದರೆ ಬಿಲ್ ಬೇಡ, ಸತತ ಮೂರು ತಿಂಗಳು ದಾಟಿದರೆ ಆಗಲಿ. ಐಪಿಎಲ್ ಫೈನಲ್ ಇದ್ದ ತಿಂಗಳನ್ನು ವರ್ಷವಿಡೀ ಹೊರಬಾರದು.

ಪೋರ್ಟ್ ಹಿಗ್ಗಿಸುವ ಮಾತಂತೂ ಬಿಡಲೇಬೇಡಿ. ಬಳಕೆ 70% ದಾಟಿದರೆ ಇಷ್ಟು ದಿನದಲ್ಲಿ ಇಬ್ಬರೂ ಹೊಸ ಪೋರ್ಟ್ ಸೇರಿಸಬೇಕು ಎಂದಿರಲಿ. ಯಾಕೆಂದರೆ ಸೆಷನ್ ಮುಚ್ಚದೆಯೇ ಒತ್ತಡ ಹಾಕುವ ದಾರಿ ಒಂದಿದೆ: ಪೋರ್ಟ್ ತುಂಬಿದರೂ ಹಿಗ್ಗಿಸದೆ ಕೂರುವುದು. ಗ್ರಾಹಕರ ವಿಡಿಯೋ ತಿರುಗುತ್ತಲೇ ಇರುತ್ತದೆ, ಬೈಗುಳ ನಿಮಗೆ ಬರುತ್ತದೆ, ಅವರು ಏನನ್ನೂ ಕಡಿದಿಲ್ಲ. ಅಮೆರಿಕದಲ್ಲಿ 2013-14ರ ಹೊತ್ತಿಗೆ ನಡೆದ ಜಗಳಗಳಲ್ಲಿ ಇದೇ ದೊಡ್ಡ ಆರೋಪವಾಗಿತ್ತು.

ಟ್ರಾನ್ಸಿಟ್ ದರ ಇಳಿಯುತ್ತಾ ಹೋಗುವುದರಿಂದ ಪಿಯರಿಂಗ್ ದರವನ್ನು ಆರು ತಿಂಗಳಿಗೊಮ್ಮೆ ನೋಡುವ ಅವಕಾಶ ಇಟ್ಟುಕೊಳ್ಳಿ. ಮುಚ್ಚುವುದಾದರೆ 60 ಅಥವಾ 90 ದಿನ ಮೊದಲು ತಿಳಿಸಬೇಕು ಎಂಬುದೂ ಇರಲಿ.

ಮೇಲ್‌ಗೆ ಉತ್ತರ, ಮತ್ತು ಒಂದು ಭಾನುವಾರ

ಉತ್ತರ ಚಿಕ್ಕದಾಗಿರಲಿ. ‘ನಿಮ್ಮ ಅಂಕಿ ಸಿಕ್ಕಿತು, ನಮ್ಮ ಮೂರು ತಿಂಗಳ ಅಂಕಿ ಜೊತೆಗಿದೆ. ಅನುಪಾತವನ್ನು ಯಾವ ವಿಧಾನದಲ್ಲಿ ಅಳೆದಿರಿ? ಶುಲ್ಕ ಪೂರ್ತಿ ಟ್ರಾಫಿಕ್‌ಗೋ, ಹೆಚ್ಚಾದ ಭಾಗಕ್ಕೋ? ನಿಮ್ಮ ತೊಂದರೆ ದೂರದ ಹೊರೆಯಾದರೆ, ಉತ್ತರ ಭಾರತದ ಟ್ರಾಫಿಕ್ ಅನ್ನು ದೆಹಲಿಯಲ್ಲೇ ಕೊಡುವ ಬಗ್ಗೆ ಮಾತಾಡಲು ನಾವು ತಯಾರು.’ ಕೊನೆಯ ಸಾಲು ಮುಖ್ಯ. ಅವರ ತೊಂದರೆ ನಿಜವಾಗಿ ಕಿಲೋಮೀಟರಿನದಾದರೆ ಅವರು ಕೂತು ಮಾತಾಡುತ್ತಾರೆ. ಬೇಡ, ಹಣವೇ ಬೇಕು ಎಂದರೆ ಅವರಿಗೆ ಆದಾಯ ಬೇಕಾಗಿದೆ ಎಂದು ತಿಳಿಯಿತು. ಆಗ 40 ರೂಪಾಯಿಯಿಂದ ಕೆಳಗೆ ಇಳಿಸುವ ಮಾತಷ್ಟೇ ಉಳಿಯುತ್ತದೆ.

ಈ ಮೇಲ್ ಕಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಭಾನುವಾರ ಬೆಳಗಿನ ಜಾವ 4 ಗಂಟೆಗೆ, ಗ್ರೇಸ್‌ಫುಲ್ ಶಟ್‌ಡೌನ್ (ಮೊದಲು ಟ್ರಾಫಿಕ್ ಅನ್ನು ಬೇರೆ ದಾರಿಗೆ ಸರಿಸಿ ಆಮೇಲೆ ಮುಚ್ಚುವ ವಿಧಾನ) ಬಳಸಿ ಆ ಸೆಷನ್ ಅನ್ನು ಅರ್ಧ ಗಂಟೆ ಇಳಿಸಿ. ಬೇರೆ ಯಾವ ಪೋರ್ಟ್ ಎಷ್ಟು ಏರಿತು, ಪಿಂಗ್ ಎಷ್ಟು ಹೆಚ್ಚಾಯಿತು, ಅವರ ಕಡೆಗೆ ಯಾವ ಎಎಸ್ ಮೂಲಕ ಹೋಯಿತು ಎಂದು ಬರೆದುಕೊಳ್ಳಿ. ಆ ಹೊತ್ತಿನ ಸಂಖ್ಯೆಯನ್ನು ರಾತ್ರಿಯ ಗುಡ್ಡಕ್ಕೆ ತಕ್ಕಂತೆ ಗುಣಿಸಿ ನೋಡಿ. ಯಾವುದಾದರೂ ಟ್ರಾನ್ಸಿಟ್ ಪೋರ್ಟ್ 80% ದಾಟುವಂತಿದ್ದರೆ ಮೊದಲು ಅದನ್ನು ಹಿಗ್ಗಿಸಿ. ಉತ್ತರ ಕಳಿಸುವುದು ಅದಾದ ಮೇಲೆ.